ದೊಡ್ಡಣ್ಣನಿಗೆ ಪ್ಲೈವುಡ್ಡಿನ ಮನೆ

ಬೆಳಿಗ್ಗೆ ಎದ್ದವನೇ ಮೇಸ್ತ್ರಿ ಮುಖ ತೊಳೆಯುವುದಕ್ಕೂ ಮೊದಲು ಪೆನ್ಸಿಲ್ ಚೂಪು ಮಾಡಿ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಕೆಲಸವಿರಲಿ, ರಜೆಯಿರಲಿ, ಜ್ವರವೇ ಬಂದಿರಲಿ, ಉಳಿಯಿಂದ ನಾಲ್ಕು ಸಲ ಸವರಿ, ಮೊನೆಯನ್ನು ಹೆಬ್ಬೆರಳಿಗೆ ಒತ್ತಿ ನೋಡಿದ ಮೇಲೆಯೇ ಅವನ ದಿನ ಶುರು. ಮಗಳ ಮದುವೆಯ ಫೋಟೋದಲ್ಲೂ ಹೊಸ ಅಂಗಿಯ ಮೇಲೆ, ಕಿವಿಯ ಸಂದಿನಲ್ಲಿ ಅದು ಕಾಣುತ್ತದೆ. "ಅಳಿಯನ ಅಳತೆ ತಗೊಳ್ಳೋಕೆ ಬಂದ ಹಾಗಿದೆ" ಎಂದು ಹೆಂಡತಿ ಇಂದಿಗೂ ನಗುತ್ತಾಳೆ.

ಮೂವತ್ತು ವರ್ಷದಿಂದ ಅವನದು ಒಂದೇ ಕಸುಬು, ಮರಗೆಲಸ: ಅಂಗಡಿಗಳ ಶೋಕೇಸು, ಗಾಜಿನ ಬೀರು, ಕಿಟಕಿ. ಊರಿಗೆಲ್ಲ ಮಾಡಿಕೊಟ್ಟವನು ಮನೆಗೆ ಒಂದು ಮಣೆಯನ್ನೂ ಮಾಡಿರಲಿಲ್ಲ. ಹೆಂಡತಿಯೂ ಬಾಯಿಬಿಟ್ಟು ಕೇಳಿದವಳಲ್ಲ.

ಅವಳಿಗಿದ್ದದ್ದು ಒಂದೇ ಆಸೆ, ಒಂದು ಮೀನು. ಮಗಳು ಗಂಡನ ಮನೆಗೆ ಹೋಗುವಾಗ ಬಿಟ್ಟುಹೋದದ್ದು. ಆಗ ಬೆರಳುದ್ದ ಇತ್ತು. ಈಗ ಒಂದೂವರೆ ಗೇಣು. ಹೆಸರು ದೊಡ್ಡಣ್ಣ. ಅವಳ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಗಾಜಿಗೆ ಮೂತಿ ಒತ್ತಿ ನಿಲ್ಲುತ್ತಿತ್ತು. ಆದರೆ ಗಾಜಿನ ತೊಟ್ಟಿ ಮಾತ್ರ ಅದೇ ಹಳೆಯದು, ಚಿಕ್ಕದು. ತಿರುಗಬೇಕೆಂದರೆ ಬಾಲ ಮಡಚಬೇಕು. ಬಾಲದ ಅಂಚು ಹರಿದು ಎಳೆ ಎಳೆಯಾಗತೊಡಗಿದ ದಿನ ಅವಳು ನಿಧಾನವಾಗಿ ಹೇಳಿದಳು: "ತಿಂಗಳ ಕೊನೆಗೆ ಮೀನಿನಂಗಡಿಗೆ ಕೊಟ್ಟುಬಿಡೋಣ ರೀ. ನನ್ನ ಆಸೆಗೆ ಆ ಜೀವ ಯಾಕೆ ನರಳಬೇಕು? ದೇವರು ಮೆಚ್ಚಲ್ಲ."

ಹೇಳಿ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ ಸದ್ದು ಮೇಸ್ತ್ರಿಗೆ ಕೇಳಿಸಿತು.

ಮರುದಿನವೇ ನಡುಮನೆಯ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಬಿತ್ತು. ದೊಡ್ಡಣ್ಣನಿಗೆ ಹೊಸ ತೊಟ್ಟಿ: ಆರಡಿ ಉದ್ದ, ಎರಡೂವರೆ ಅಡಿ ಅಗಲ, ಎರಡಡಿ ಎತ್ತರ. ದಪ್ಪ ಪ್ಲೈವುಡ್ ತಂದ. ನಾಲ್ಕು ಬೆರಳಿಗೊಂದು ತಿರುಪು, ಸಂದಿಗೆಲ್ಲ ಅಂಟು, ಒಳಗೆ ನೀರು ಇಳಿಯದ ನೀಲಿ ಲೇಪ ಮೂರು ಸಲ. ಬಾಯಿ ಅಗಲವಾಗದ ಹಾಗೆ ಮೇಲೆ ನಡುವೆ ಒಂದು ಅಡ್ಡಪಟ್ಟಿ. ಮುಂದಿನ ಹಲಗೆಯ ನಡು ಕೊಯ್ದು ಚೌಕಟ್ಟು ಮಾಡಿ, ಹೊರಗಿನಿಂದ ಗಾಜು ಕೂರಿಸಿ, ಅಂಟು ತುಂಬಿ, ಸುತ್ತ ತೆಳ್ಳನೆ ಮರದ ಪಟ್ಟಿ ಹೊಡೆದ. ಶೋಕೇಸಿಗೆ ಹೊಡೆಯುವ ಹಾಗೆಯೇ, ಮೂಲೆಗೆ ಮೂಲೆ ಸೇರಿಸಿ.

ಗಾಜು ಕತ್ತರಿಸಿ ಕೊಟ್ಟ ಗಾಜಿನಂಗಡಿಯವನು ಅವನ ಹಳೇ ಗೆಳೆಯ. "ಇದರಲ್ಲಿ ಮೀನು ಸಾಕ್ತೀಯೋ, ಎಮ್ಮೆ ತೊಳೀತೀಯೋ?" ಎಂದು ಕೇಳಿದ್ದ.

ಅಂಟು ಒಣಗಿದ ಮೇಲೆ ನೀರು ಬಿಟ್ಟರು. ಒಂದು ಗೇಣು ಏರಿತು, ಏನೂ ಆಗಲಿಲ್ಲ. ಅರ್ಧಕ್ಕೆ ಬಂದಾಗ ಮರದ ಪಟ್ಟಿ 'ಕಿರ್' ಎಂದಿತು. ಗಾಜು ಉಗುರಿನಷ್ಟು ಹೊರಗೆ ಸರಿದು, ಕೆಳಗಿನಿಂದ ನೀರು ಜಿನುಗಿ, ಜಿನುಗಿದ್ದು ಹರಿದು, ನಡುಮನೆಯೆಲ್ಲ ಕೆರೆ. ಹೆಂಡತಿ ಪೈಪನ್ನು ಬಾಯಲ್ಲಿ ಎಳೆದು ನೀರನ್ನು ಅಂಗಳಕ್ಕೆ ಹಾಯಿಸಿದಳು. ಮೇಸ್ತ್ರಿ ಎರಡೂ ಕೈ ಚಾಚಿ ಗಾಜಿಗೆ ಎದೆ ಕೊಟ್ಟು ನಿಂತಿದ್ದ.

"ನಾನು ಕೂರಿಸಿದ ಗಾಜು ಇವತ್ತಿನವರೆಗೆ ಒಂದೂ ಜಾರಿಲ್ಲ" ಎಂದ, ಒದ್ದೆ ಅಂಗಿಯಲ್ಲೇ ಗೋಡೆಗೊರಗಿ.

"ಗೊತ್ತು ರೀ."

ಎರಡು ದಿನ ಅವನ ಮುಖಕ್ಕೆ ಮೋಡ ಕವಿದಿತ್ತು. ಇನ್ನೂ ದಪ್ಪ ಪಟ್ಟಿ ಹೊಡೆಯುವುದೋ, ಉದ್ದ ಮೊಳೆ ಹಾಕುವುದೋ ಎಂದು ಲೆಕ್ಕ ಹಾಕುತ್ತ ಕೂತಿದ್ದ. ತಿಂಗಳು ಮುಗಿಯಲು ಹದಿನೈದು ದಿನವಿತ್ತು. ಮೂರನೆಯ ದಿನ ಹೆಂಡತಿ ಕುಕ್ಕರನ್ನು ಎತ್ತಿಕೊಂಡು ಬಂದು ಅವನೆದುರು ಕೂತಳು. ಮುಚ್ಚಳವನ್ನು ವಾರೆ ಮಾಡಿ ಪಾತ್ರೆಯೊಳಕ್ಕೆ ಇಳಿಸಿ, ನೆಟ್ಟಗೆ ಮಾಡಿ, ಒಳಗಿನಿಂದ ಅಂಚಿಗೆ ಎಳೆದು ಕೂರಿಸಿದಳು.

"ಇದಕ್ಕೆ ಹೊರಗಡೆಯಿಂದ ಮೊಳೆ ಯಾರು ಹೊಡೆದಿದ್ದಾರೆ, ಹೇಳಿ? ಆವಿ ತಳ್ಳಿದಷ್ಟೂ ಮುಚ್ಚಳ ಬಿಗಿ ಆಗತ್ತೆ. ನೀವು ಅಂಗಡಿಗಳಲ್ಲಿ ಜನರ ಕೈ ಒಳಗೆ ಹೋಗಬಾರದು ಅಂತ ಗಾಜು ಕೂರಿಸ್ತೀರಿ. ಇಲ್ಲಿ ತಳ್ಳೋದು ನೀರು, ಅದು ಒಳಗಿದೆ."

ಮೇಸ್ತ್ರಿ ಕುಕ್ಕರನ್ನು ನೋಡಿದ, ತೊಟ್ಟಿಯನ್ನು ನೋಡಿದ. ಆಮೇಲೆ ಹಣೆ ಚಚ್ಚಿಕೊಂಡು ನಕ್ಕ. "ಮೂವತ್ತು ವರ್ಷ ಅಡುಗೆಮನೆ ಬೀರು ಮಾಡಿದ್ದೀನಿ ಕಣೇ. ಒಂದು ದಿನ ಕುಕ್ಕರ್ ಮುಚ್ಚಿ ನೋಡಲಿಲ್ಲ."

"ಅಡುಗೆಮನೆಗೆ ಕಾಲಿಟ್ಟಿದ್ದರೆ ತಾನೇ" ಎಂದಳು ಅವಳು.

ಗೆಳೆಯನನ್ನು ಕರೆದು, ಹೊರಗಿನ ಮರದ ಪಟ್ಟಿ ಕಿತ್ತು ಗಾಜು ಬಿಡಿಸಿಕೊಂಡರು. ಮೇಲಿನ ಅಡ್ಡಪಟ್ಟಿ ಬಿಚ್ಚಿ, ಗಾಜನ್ನು ವಾರೆಯಾಗಿ ಮೇಲಿನಿಂದ ತೊಟ್ಟಿಯೊಳಕ್ಕೆ ಇಳಿಸಿದರು. ಚೌಕಟ್ಟಿನ ಒಳಮೈಗೆ ಹೊಸ ಅಂಟು ಹಚ್ಚಿ ಒತ್ತಿ ಕೂರಿಸಿ, ಅಡ್ಡಪಟ್ಟಿಯನ್ನು ಮತ್ತೆ ಬಿಗಿದರು. ಎಂಟು ದಿನ ಯಾರೂ ಮುಟ್ಟಲಿಲ್ಲ. ಆಮೇಲೆ ದಿನಕ್ಕೆ ಅರ್ಧ ಅಡಿಯಷ್ಟು ನೀರು. ಹೆಂಡತಿ ಪ್ರತಿ ಸಲವೂ ತುಟಿ ಅಲುಗಿಸುತ್ತ ನಲ್ಲಿ ತಿರುಗಿಸುತ್ತಿದ್ದಳು; ಮೇಸ್ತ್ರಿ ನೆಲದ ಮೇಲೆ ಹಳೇ ಪೇಪರ್ ಹಾಸಿ ತೇವ ಹುಡುಕುತ್ತಿದ್ದ. ತೊಟ್ಟಿ ತುಂಬಿದ ದಿನವೂ, ಮರುದಿನವೂ ಪೇಪರ್ ಗರಿಗರಿಯಾಗಿಯೇ ಇತ್ತು.

ತಿಂಗಳ ಕೊನೆಯ ದಿನ ದೊಡ್ಡಣ್ಣನನ್ನು ಬಿಟ್ಟರು. ಅದು ಮೂಲೆಯಲ್ಲಿ ಸ್ವಲ್ಪ ಹೊತ್ತು ಅಳುಕಿ ನಿಂತಿತು. ಆಮೇಲೆ ಈ ತುದಿಯಿಂದ ಆ ತುದಿಗೆ ಹೋಗಿ, ಬಾಲ ಮಡಚದೆ ತಿರುಗಿ, ಹೆಂಡತಿಯ ಮುಂದೆ ಬಂದು ಗಾಜಿಗೆ ಮೂತಿ ಒತ್ತಿತು. ಅವಳು ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದಳು.

ಗಾಜಿನಂಗಡಿಯವನು ಮಾತ್ರ ಒಳಗೊಳಗೇ ಇನ್ನೂ ಹೆದರುತ್ತಿದ್ದ. ಗಾಜನ್ನು ಎರಡು ಸಲ ತಟ್ಟಿ ನೋಡಿ ಹೇಳಿದ: "ನೋಡು, ನನ್ನ ಹತ್ತಿರ ಕಬ್ಬಿಣದ ಪಟ್ಟಿ ಬಿದ್ದಿದೆ. ನಾಳೆ ತಂದು ಮುಂದುಗಡೆ ಅಡ್ಡಕ್ಕೆ ಎರಡು ಬಿಗಿದುಕೊಡ್ತೀನಿ. ದುಡ್ಡಿನ ಮಾತೇ ಬೇಡ, ನಿನಗೂ ನಿಶ್ಚಿಂತೆ."

ಮೇಸ್ತ್ರಿ ಹೆಂಡತಿಯ ಮುಖವನ್ನೂ, ಆಚೆಯಿಂದ ಅವಳನ್ನು ನೋಡುತ್ತಿದ್ದ ಮೀನನ್ನೂ ನೋಡಿದ. ಪಟ್ಟಿ ಬಿಗಿದರೆ ಸರಿಯಾಗಿ ಅವರಿಬ್ಬರ ನಡುವೆಯೇ ಬರುತ್ತಿತ್ತು.

"ಬೇಡ ಕಣಯ್ಯಾ" ಎಂದ. "ಹೊರಗಿಂದ ಇನ್ನೇನೂ ಬೇಡ. ನೀರೇ ಗಾಜನ್ನ ಹಿಡ್ಕೊಂಡಿದೆ."