ಕೊನೆಯ ಸೆಟ್‌ನಲ್ಲಿ ಕ್ಯಾಪ್ಟನ್ ಬೆಂಚಿನ ಮೇಲೆ

ಕಳೆದ ಶನಿವಾರ ಇಲ್ಲಿ ಗಲ್ಫಿನಲ್ಲಿ, ಊದ್ ಮೇಥಾ ಬಡಾವಣೆಯ ಕ್ಲಬ್ಬೊಂದರ ಗ್ಯಾಲರಿಯಲ್ಲಿ ಎದ್ದು ನಿಂತು ನಾನು ಒಬ್ಬ ಟೀಚರ್ ಮೇಲೆ ಕೂಗಾಡಿದೆ. ಈ ಅಂಕಣ ಬರೆದು ಬರೆದು ಸಂಪಾದಿಸಿದ್ದ ಸಭ್ಯಸ್ಥನ ಹೆಸರು ಅರ್ಧ ನಿಮಿಷದಲ್ಲಿ ಖಲಾಸ್.

ಆಕೆ ಲವೀನಾ ಮೇಡಂ, ಮಂಗಳೂರು ಕಡೆಯವರು. ನನ್ನ ಮಗಳು ಅನನ್ಯ ಓದುವ ಯೂನಿವರ್ಸಿಟಿಯ ವಾಲಿಬಾಲ್ ಕೋಚ್. ಯೂನಿವರ್ಸಿಟಿ ಎಂದ ಕೂಡಲೇ ದೊಡ್ಡ ಮೈದಾನವನ್ನೆಲ್ಲ ಕಲ್ಪಿಸಿಕೊಳ್ಳಬೇಡಿ. ಬಾಡಿಗೆ ಕಟ್ಟಡದ ಎರಡು ಮಹಡಿ, ಅಷ್ಟೇ. ಪ್ರಾಕ್ಟೀಸ್‌ಗೆ ಈ ಕ್ಲಬ್ಬಿನ ಕೋರ್ಟೇ ಗತಿ. (ಅದೂ ಬ್ಯಾಡ್ಮಿಂಟನ್ ಅಂಕಲ್‌ಗಳು ಹೊಟ್ಟೆ ಕರಗಿಸಿ ಹೋದ ಮೇಲೆ.)

ನಮ್ಮ ಮಕ್ಕಳು ಆಡುವುದು ಕಾಲೇಜುಗಳ ಕೆಳಗಿನ ಲೀಗಿನಲ್ಲಿ. ಮೇಲಿನ ಲೀಗಿನಲ್ಲಿ ಸ್ವಂತ ಸ್ಟೇಡಿಯಂ, ಸ್ವಂತ ಬಸ್ಸು ಇರುವ ಘಟಾನುಘಟಿಗಳಿದ್ದಾರೆ. ಅಲ್ಲಿಗೆ ಹತ್ತಬೇಕೆಂಬುದು ಈ ಪುಟ್ಟ ಯೂನಿವರ್ಸಿಟಿಯ ದೊಡ್ಡ ಆಸೆ. ಸೇರಿಸಿಕೊಳ್ಳುವ ಮುನ್ನ ಮೇಲಿನವರು ಬಂದು ಆಟ ನೋಡುತ್ತಾರೆ. ಶನಿವಾರದ್ದು ಅದೇ ಪರೀಕ್ಷೆ. ಎದುರಿಗೆ ಅಬುಧಾಬಿಯ ಬಲವಾದ ಟೀಮು, ಮೂಲೆಯಲ್ಲಿ ಲೀಗಿನ ಇಬ್ಬರು ಪ್ರತಿನಿಧಿಗಳು.

ಮೊದಲ ಸೆಟ್ ಅವರಿಗೆ ಹೋಯಿತು, ಎರಡನೆಯದು ನಮಗೆ ಬಂತು. ಅನನ್ಯ ಕ್ಯಾಪ್ಟನ್. ಅವಳ ಸರ್ವಿಸ್‌ಗೆ ಅಬುಧಾಬಿಯ ಹುಡುಗಿಯರು ತಬ್ಬಿಬ್ಬಾಗಿದ್ದರು. ಇನ್ನೊಂದು ಸೆಟ್ ಗೆದ್ದರೆ ಲೀಗು ನಮ್ಮದೇ ಎಂದು ನಾವು ಪೋಷಕರು ಆಗಲೇ ನಿರ್ಧರಿಸಿಬಿಟ್ಟಿದ್ದೆವು.

ಕೊನೆಯ ಸೆಟ್ ಶುರುವಾದಾಗ ನೋಡಿದರೆ ಮಗಳು ಬೆಂಚಿನ ಮೇಲೆ ಕೂತಿದ್ದಾಳೆ. ಜೊತೆಗೆ ಫೈನಲ್ ಇಯರಿನ ಇನ್ನಿಬ್ಬರು. ಅವರ ಜಾಗದಲ್ಲಿ ಮೊದಲ ವರ್ಷದ ಮೂವರು ಪುಟಾಣಿಗಳು. ಅವರಲ್ಲಿ ರೀಮಾ ಎಂಬವಳು ನೆಟ್‌ನ ಪಕ್ಕ ನಿಂತರೆ ಕಾಣುವುದೇ ಕಷ್ಟ.

ನಾನು ಕೂಗಿದ್ದು ಆಗಲೇ. "ಮೇಡಂ, ಎಂತ ಮಾಡ್ತಾ ಇದ್ದೀರಿ ನೀವು?" ಅವರು ತಿರುಗಿಯೂ ನೋಡಲಿಲ್ಲ.

ಸೋತೆವು. ಚೆನ್ನಾಗಿಯೇ ಸೋತೆವು.

ಜಗಳಕ್ಕೆ ಸಿದ್ಧನಾಗಿಯೇ ಕೆಳಗಿಳಿದೆ. ಮೇಡಂ ಚೆಂಡುಗಳನ್ನು ಚೀಲಕ್ಕೆ ತುಂಬಿಸುತ್ತಿದ್ದರು.

"ಸಿಟ್ಟು ಬಂತಾ ಮಾರಾಯ್ರೆ? ಅನನ್ಯ ಜೂನಿಗೆ ಡಿಗ್ರಿ ಮುಗಿಸಿ ಹೋಗ್ತಾಳಲ್ಲ. ಮೇಲಿನ ಲೀಗಲ್ಲಿ ಆಡ್ಲಿಕ್ಕಿರುವುದು ಈ ಸಣ್ಣ ಮಕ್ಕಳು. ದೊಡ್ಡವರ ಸ್ಮ್ಯಾಶ್ ಹೇಗಿರ್ತದೆ ಅಂತ ಅವರಿಗೆ ಈಗಲೇ ಗೊತ್ತಾಗ್ಬೇಕು."

"ಹಾಗಾದ್ರೆ ಲೀಗು?"

"ಈ ವರ್ಷ ಸಿಗ್ಲಿಕ್ಕಿಲ್ಲ. ಬರುವ ವರ್ಷ ಕೂಡ ಡೌಟು. ಅದರ ನಂತರ ಸಿಗ್ಬಹುದು. ಈಗ ಅನನ್ಯನ ಬಲದಲ್ಲಿ ಹತ್ತಿದ್ರೆ, ಅವಳು ಹೋದ ಮೇಲೆ ಇಳೀಲಿಕ್ಕೇ ಉಂಟು."

"ಅಷ್ಟು ವರ್ಷ ನೀವು ಇರ್ತೀರಾ ಇಲ್ಲಿ?" (ಕೊಂಕೇ, ಒಪ್ಪುತ್ತೇನೆ.)

"ನನ್ನ ವೀಸಾ ಬರುವ ತಿಂಗಳು ರಿನ್ಯೂವಲ್‌ಗೆ ಉಂಟು. ಆದ್ರೆ ಆಯ್ತು. ಆಗದಿದ್ರೆ ಬೇರೆ ಕೋಚ್ ಬರ್ತಾರೆ. ಟೀಮ್ ಇರ್ತದಲ್ಲ, ಅಷ್ಟು ಸಾಕು."

ಅಷ್ಟರಲ್ಲಿ ಲೀಗಿನ ಪ್ರತಿನಿಧಿಯೊಬ್ಬರು ಬಂದು ರೀಮಾಳತ್ತ ಕೈ ತೋರಿಸಿ, ಅವಳು ಯಾವ ವರ್ಷದವಳು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೊದಲ ವರ್ಷ ಎಂದರು ಮೇಡಂ. "ಗುಡ್, ಮುಂದಿನ ವರ್ಷವೂ ಬರುತ್ತೇವೆ, ಇನ್‌ಶಾ ಅಲ್ಲಾಹ್" ಎಂದು ಹೊರಟರು. ನಮ್ಮ ಕ್ಯಾಪ್ಟನ್ ಬಗ್ಗೆ ಒಂದು ಮಾತೂ ಇಲ್ಲ.

ದೇರಾದ ಮನೆಗೆ ವಾಪಸಾಗುವಾಗ ಕಾರಿನಲ್ಲಿ ಮಗಳನ್ನು ಸಮಾಧಾನ ಮಾಡಲು ಹೋದೆ. ಅವಳು ಫೋನಿನಿಂದ ತಲೆ ಎತ್ತದೆ ಹೇಳಿದಳು, "ಅಪ್ಪಾ, ಇಟ್ ವಾಸ್ ಮೈ ಐಡಿಯಾ. ರೀಮಾಗೆ ಸರ್ವಿಸ್ ಕಲಿಸಿದ್ದೂ ನಾನೇ."

ನಾನು ಸಿಗ್ನಲ್‌ನಲ್ಲಿ ಗ್ರೀನ್ ಬಿದ್ದದ್ದನ್ನೂ ಗಮನಿಸದೆ ಕೂತಿದ್ದೆ. ಹಿಂದಿನವನು ಹಾರ್ನ್ ಹೊಡೆದ. ಮಗಳ ಬಗ್ಗೆ ಅಷ್ಟು ಹೆಮ್ಮೆ ನನಗೆ ಅವಳ ಯಾವ ಮಾರ್ಕ್ಸ್ ನೋಡಿದಾಗಲೂ ಆಗಿರಲಿಲ್ಲ.

ಗಲ್ಫಿನಲ್ಲಿ ನಾವೆಲ್ಲ ಹೇಗೆ ಬದುಕುತ್ತೇವೆ ನಿಮಗೆ ಗೊತ್ತೇ ಇದೆ. ಯಾರನ್ನು ಕೇಳಿದರೂ "ಇನ್ನೆರಡು ವರ್ಷ, ಮತ್ತೆ ಊರಿಗೆ." ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಒಳ್ಳೆಯ ಸೋಫಾ ಕೊಳ್ಳುವುದಿಲ್ಲ. ಮದುವೆಯಾಗಿ ಬಂದ ವರ್ಷ ನನ್ನವಳು ಒಂದು ಗಟ್ಟಿ ಊಟದ ಮೇಜು ಕೇಳಿದ್ದಳು. ಹೋಗುವವರಿಗೆ ಅದೆಲ್ಲ ಯಾಕೆ ಎಂದು ಮಡಚುವ ಮೇಜು ತಂದೆ. ಮಗಳು ಒಂದನೇ ಕ್ಲಾಸಿನಿಂದ ಡಿಗ್ರಿಯವರೆಗೆ ಓದಿದ್ದು ಅದರ ಮೇಲೆಯೇ. ಈಗಲೂ ಅದರ ಒಂದು ಕಾಲಿನಡಿ ರಟ್ಟು ಇಡಬೇಕು.

ಬರುವ ತಿಂಗಳ ವೀಸಾ ಖಾತ್ರಿಯಿಲ್ಲದ ಮೇಡಂ, ತಾವು ನೋಡುತ್ತಾರೋ ಇಲ್ಲವೋ ತಿಳಿಯದ ಲೀಗಿಗಾಗಿ ಟೀಮು ಕಟ್ಟುತ್ತಿದ್ದಾರೆ. ತಾನು ಎಂದೂ ಆಡದ ಲೀಗಿಗಾಗಿ ಮಗಳು ಬೆಂಚಿನ ಮೇಲೆ ಕೂರುತ್ತಾಳೆ.

ಅಂದ ಹಾಗೆ, ನಿಮ್ಮ ಮನೆಯ ಊಟದ ಮೇಜೂ ಮಡಚುವಂಥದ್ದೇ?