ಲೇತ್ ಅಕ್ಕನ ರೇಸ್ ಕಾರು

ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಯಂತ್ರದ ವರ್ಕ್‌ಶಾಪ್ ಇಟ್ಟಿದ್ದ ಆಕೆಯನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟು, ಮಾತಾಡುವಾಗ ಸ್ಪ್ಯಾನರಿನಿಂದ ಗಾಳಿಯಲ್ಲೇ ಬೋಲ್ಟು ತಿರುಗಿಸುತ್ತಿದ್ದರು. ರೇಸ್ ಓಡಿಸುವ ನಾನು ರಿಪೇರಿಗೆ ತಂದ ಹಳೆಯ ಕಾರಿನ ತಳ ತುಕ್ಕು ಹಿಡಿದು, ಎಂಜಿನ್ ಸವೆದುಹೋಗಿತ್ತು. ಹೊಸ ಸೀಸನ್ನಿಗೆ ಅದು ಓಡುತ್ತದೆಂದು ನಂಬಿದವರು ಆಕೆ ಒಬ್ಬರೇ. ಎಲ್ಲೂ ಸಿಗದ ಭಾಗಗಳನ್ನು ಲೇತಿನಲ್ಲಿ ತಾವೇ ಕಡೆದು ಕೂರಿಸಿದರು. ನಾನು ಸಾಕೆಂದಾಗಲೆಲ್ಲ, "ತಡಿಯಪ್ಪ, ಇನ್ನೊಂದ್ಸಲ ಬಿಚ್ಚಿ ನೋಡ್ಬುಡನ," ಅನ್ನುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ಎಂಜಿನ್ ಗುಡುಗಿತು. ನಾನು ಓಡಿಹೋಗಿ ಕಾರಿನ ಬಾಗಿಲು ತೆಗೆದರೆ ಆಕೆ ಆಗಲೇ ಸ್ಟೀರಿಂಗ್ ಹಿಡಿದು ಕೂತಿದ್ದರು.

"ಆ ಕಡೆ ಕೂತ್ಕೊ. ಕಟ್ಟಿದ್ದು ನಾನು, ಮೊದ್ಲು ನಾನೇ ಓಡುಸ್ತೀನಿ ಕಣಪ್ಪ."

ಖಾಲಿ ಶೆಡ್ಡುಗಳ ನಡುವಿನ ರಸ್ತೆಯಲ್ಲಿ ಕಾರು ಚಿಮ್ಮಿತು. ತಿರುವಿನಲ್ಲಿ ನಾನು "ಬ್ರೇಕ್ ಅಕ್ಕ" ಅಂದೆ. ಆಕೆ ಗೇರ್ ಇಳಿಸಿ, ಕಾರನ್ನು ಸಲೀಸಾಗಿ ಹೊರಳಿಸಿ, ಮತ್ತೆ ವೇಗ ಏರಿಸಿದರು. ನಾನೆಂದೂ ಅಷ್ಟು ಜೋರಾಗಿ ತಿರುವು ದಾಟಿದವನಲ್ಲ. ಹೆದರಿ ಸೀಟು ಹಿಡಿದಿದ್ದವನು ನಗತೊಡಗಿದೆ.

ಕಾರು ನಿಂತಾಗ, "ರೇಸಿನಲ್ಲೂ ನೀವೇ ಓಡಿಸಿ," ಅಂದೆ.

"ತಮಾಸೆ ಮಾಡ್ಬ್ಯಾಡ." ಆಕೆಯ ಕಣ್ಣು ಹೊಳೆಯುತ್ತಿತ್ತು.

ಹಾಗಂದರೂ ರೇಸಿನ ಲೈಸೆನ್ಸ್ ಮಾಡಿಸಿ ಸೀಸನ್ನಿನ ಮೊದಲ ರೇಸಿಗೆ ಆಕೆಯೇ ಇಳಿದರು. ರೇಸ್ ಮುಗಿದಾಗ ಅಕ್ಕನ ಹಿಂದೆ ಉಳಿದದ್ದು ಒಂದೇ ಕಾರು. ನಾನು ಸಮಾಧಾನ ಹೇಳಲು ಓಡಿದೆ. ಆಕೆ ಹೆಲ್ಮೆಟ್ ಕಿತ್ತು, ಬೆವರೂ ಒರೆಸದೆ ಅತ್ತಿತ್ತ ನೋಡಿದರು.

"ಕೊನೆ ತಿರುವ್ನಲ್ಲಿ ನನ್ನ ದಾಟ್ಕಂಡ್ ಹೋದ್ನಲ್ಲ, ಅವ್ನೆಲ್ಲವ್ನೆ? ಮುಂದಿನ್ ರೇಸ್ಗೂ ಬತ್ತಾನಾ ಕೇಳು."