ಇಸ್ತ್ರಿಯವನ ಹೊಟ್ಟೆಕಿಚ್ಚು

ಹೆಂಡತಿಯ ಮುಂದೆ ನೊಣ ಹಾರಿದರೂ ಅದು ಗಂಡೋ ಹೆಣ್ಣೋ ಎಂದು ವಿಚಾರಿಸಿಯೇ ಬಿಡುತ್ತಾನೆ ಅಂತ ಇಸ್ತ್ರಿ ಅಂಗಡಿಯವನ ಬಗ್ಗೆ ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಮಾತು ಅವನ ಕಿವಿಗೂ ಬಿದ್ದಿತ್ತು. ಪ್ರೀತಿ ಇದ್ದಲ್ಲಿ ಕಾವಲೂ ಇರಬೇಕಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದ.

ಗಂಡ ಹೆಂಡತಿ ಒಂದೇ ಮೇಜಿಗೆ ನಿಂತು ದುಡಿಯುವವರು. ಅವಳು ನೀರು ಚಿಮುಕಿಸಿ ಕಾಲರ್ ಕೂರಿಸಿದರೆ, ಇವನು ತೋಳು, ಬೆನ್ನು ಮುಗಿಸುವನು. ಎದುರು ಮನೆಯ ಸಂಗೀತದ ಮೇಷ್ಟ್ರ ಅಂಗಿ ಬಂದಾಗ ಮಾತ್ರ ಅವಳ ಕೈ ನಿಧಾನವಾಗುತ್ತದೆ ಎಂದು ಇವನಿಗೆ ತೋರಿತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ.

ಹೀಗಿರಲು ಅವಳಿಗೆ ಹೇಳಿಕೊಳ್ಳಲಾಗದ ಜಾಗದಲ್ಲಿ ಉರಿಗುಳ್ಳೆ ಎದ್ದವು. ಪರೀಕ್ಷೆ ಮಾಡಿಸಿದರೆ ಡಾಕ್ಟರಮ್ಮ ಹರ್ಪಿಸ್ ಎಂದರು, ಮೈಯಿಂದ ಮೈಗೆ ಅಂಟುವ ರೋಗ.

"ನನಗಂತೂ ಅಲ್ಲೇನೂ ಇಲ್ಲ. ಯಾರಿಂದ ಬಂತು ಹೇಳೇ?"

"ಇನ್ನೊಂದು ಸಲ ಹಾಗೆ ಕೇಳಿದ್ರೆ ಈ ಮನೇಲಿ ನಾನಿರಲ್ಲ ರೀ."

ಅವನು ಮತ್ತೆ ಕೇಳಲಿಲ್ಲ, ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ. ಅವಳ ಬಟ್ಟೆಗಳನ್ನು ಬೇರೆ ಗಂಟು ಕಟ್ಟಿದ. ಮೇಷ್ಟ್ರ ಅಂಗಿಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟು ಹಾಗೇ ಒತ್ತಿ ಹಿಡಿದ.

"ಏನಯ್ಯಾ, ಬೆನ್ನಿಗೆ ಗಾಳಿಗಂಡಿ ಕೊರೆದಿದ್ದೀಯಲ್ಲ! ಸೆಖೆಗೆ ಒಳ್ಳೇದಾಯ್ತು ಬಿಡು" ಎಂದು ಮೇಷ್ಟ್ರು ನಕ್ಕರು. ಇವನು ನಗಲಿಲ್ಲ.

ಕೊನೆಗೆ ಅವಳೇ ಅವನನ್ನು ಡಾಕ್ಟರಮ್ಮನ ಬಳಿಗೆ ಎಳೆದೊಯ್ದಳು. ಆಕೆ ಅವನ ತುಟಿ ನೋಡಿದರು.

"ಇಲ್ಲಿ ಗುಳ್ಳೆ ಏಳುತ್ತಾ?"

"ಜ್ವರದ ಗುಳ್ಳೆ ಮೇಡಂ. ಚಿಕ್ಕಂದಿನಿಂದ್ಲೂ ಇದೆ."

"ಅದೂ ಹರ್ಪಿಸ್ಸೇ ಕಣಪ್ಪಾ. ಇವರದ್ದೂ ಅದೇ ಜಾತಿ. ಬಾಯಿಂದ ಅಲ್ಲಿಗೂ ಅಂಟುತ್ತೆ, ಒಮ್ಮೊಮ್ಮೆ ಗುಳ್ಳೆ ಇಲ್ದಿದ್ರೂ. ವರ್ಷಗಟ್ಟಲೆ ಮೈಯೊಳಗೆ ಸುಮ್ನಿರುತ್ತೆ. ಯಾವತ್ತು, ಯಾರಿಂದ ಅಂತ ಯಾವ ಪರೀಕ್ಷೆನೂ ಹೇಳಲ್ಲ. ಗುಳ್ಳೆ ಇದ್ದಾಗ ಮುತ್ತೂ ಬೇಡ, ಹಾಸಿಗೇನೂ ಬೇಡ. ಮಾತ್ರೆ ಕೊಡ್ತೀನಿ. ಇದು ವೈರಸ್, ನಡತೆಗೆ ಕೊಟ್ಟ ಅಂಕ ಅಲ್ಲ."

ಮನೆಗೆ ಬರುವಾಗ ಅವನ ಎದೆ ಹಗುರಾಗಿತ್ತು. ಅವಳು ಗಂಟು ಬಿಚ್ಚಿ ತನ್ನ ಬಟ್ಟೆಗಳನ್ನು ಅವನ ಬಟ್ಟೆಗಳ ಜೊತೆ ಮಡಚಿಡತೊಡಗಿದಳು. ಆದರೆ "ಯಾರಿಂದ ಅಂತ ಯಾವ ಪರೀಕ್ಷೆನೂ ಹೇಳಲ್ಲ" ಎಂಬ ಮಾತು ಅವನೊಳಗೆ ಮುಳ್ಳಿನಂತೆ ಆಡುತ್ತಿತ್ತು. ತಡೆಯಲಾಗದೆ ಕೇಳಿಯೇ ಬಿಟ್ಟ:

"ಅಲ್ವೇ... ತುಟಿ ಮೇಷ್ಟ್ರಿಗೂ ಇದೆಯಲ್ಲ?"

ಅವಳ ಕೈ ನಿಂತಿತು. ಮಡಚಿದ್ದರಲ್ಲಿ ತನ್ನವನ್ನಷ್ಟೇ ಆರಿಸಿ ಚೀಲಕ್ಕೆ ತುಂಬಿದಳು.

"ಏ, ತಮಾಷೆಗೆ ಅಂದೆ ಕಣೇ!"

"ಇಷ್ಟು ದಿನ ನಾನೂ ತಮಾಷೆ ಅಂತಾನೇ ತಿಳ್ಕೊಂಡಿದ್ದೆ."

ಚಪ್ಪಲಿ ಮೆಟ್ಟಿ, ಹೊಸಿಲು ದಾಟಿ, ಅಕ್ಕನ ಮನೆಯ ದಾರಿ ಹಿಡಿದಳು. ತಿರುಗಿ ನೋಡಲಿಲ್ಲ. ಅವನು ಬಾಗಿಲವರೆಗೆ ಓಡಿ ಬಂದ. ಆಗಲೂ ಅವನ ಕಣ್ಣು ಮೊದಲು ಹೋದದ್ದು ಎದುರು ಮನೆಗೆ, ಮೇಷ್ಟ್ರು ಹೊರಗೆ ನಿಂತಿದ್ದಾರೋ ಏನೋ ಎಂದು.